ಒಂದೇ ಸುತ್ತಿನ ಪರೀಕ್ಷೆ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಹನುಮಂತರಾಜುವಿಗೆ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ, ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್. ಅದರ ಮೇಲೆ ಕಂಪನಿಯವರು ಬರೆದ ವೇಗ ಅವನಿಗೆ ಸೋಮಾರಿಗಳ ನೆಪದಂತೆ ಕಾಣುತ್ತಿತ್ತು. ಸೆಟ್ಟಿಂಗ್ ಬದಲಿಸಿ ಅದನ್ನೇ ಇನ್ನಷ್ಟು ಜೋರಾಗಿ ಓಡಿಸುತ್ತಿದ್ದ. ಇದಕ್ಕೆ ಓವರ್‌ಕ್ಲಾಕಿಂಗ್ ಎಂಬ ಹೆಸರಿದೆ ಎಂದು ಎಲ್ಲೋ ಓದಿದ ದಿನ ಅವನ ಜಂಬ ನೋಡಬೇಕಿತ್ತು. ಆದರೆ ಅತಿಯಾಗಿ ಓಡಿಸಿದ ರ‍್ಯಾಮ್ ತನ್ನ ಮೂಲಕ ಹಾದುಹೋಗುವ ಫೈಲುಗಳನ್ನು ಕೆಡಿಸಬಹುದೆಂದು ಗೊತ್ತಿದ್ದರಿಂದ ಕೆಲಸದಲ್ಲಿ ಕಟ್ಟುನಿಟ್ಟು. ಫ್ಲಾಪಿ ಹಾಕಿ ರ‍್ಯಾಮನ್ನು ಪರೀಕ್ಷೆಗೆ ಹಚ್ಚಿದರೆ, ಎಂಟು ಸುತ್ತು ಒಂದೂ ತಪ್ಪಿಲ್ಲದೆ ಮುಗಿಯುವವರೆಗೆ ಯಾರ ಯಂತ್ರವನ್ನೂ ಕೊಡುತ್ತಿರಲಿಲ್ಲ.

೨೦೦೪ರ ಮದುವೆ ಸೀಸನ್ನಿನಲ್ಲಿ ಕುಣಿಗಲ್ಲಿನ ಫೋಟೊ ಸ್ಟುಡಿಯೊದ ಯಲ್ಲಯ್ಯ ತನ್ನ ಕಂಪ್ಯೂಟರ್ ತಂದಿಟ್ಟ. "ಆಲ್ಬಂ ಮಾಡಾಕೆ ಕೂತ್ರೆ ತೂಕಡಿಸ್ತದೆ ಕಣಪ್ಪ. ಚುರುಕು ಮಾಡ್ಕೊಡು, ಸಂಜೆಗೇ ಬೇಕು." ಹನುಮಂತರಾಜು ವೇಗ ಏರಿಸಿ, ಪರೀಕ್ಷೆ ಹಚ್ಚಿ, ನೋಡಿಕೊಳ್ಳುವಂತೆ ಹೆಂಡತಿ ಮಂಜುಶ್ರೀಗೆ ಹೇಳಿ, ಇನ್ನೊಂದು ರಿಪೇರಿಗೆಂದು ಗುಬ್ಬಿಗೆ ಹೋದ. ಮಧ್ಯಾಹ್ನ ಅಲ್ಲಿಂದ ಫೋನ್ ಮಾಡಿದಾಗ ಅವಳು ಖುಷಿಯಲ್ಲಿದ್ದಳು. "ಪಾಸ್, ಒಂದು ಅಂತ ಬಂದಿದೆ ಕಣ್ರೀ. ಮೊದಲ್ನೇ ಸಲಕ್ಕೇ ಪಾಸು."

ಆ ಪರೀಕ್ಷೆಯಲ್ಲಿ ಪಾಸ್ ಎಂದರೆ ಒಂದು ಸುತ್ತು ಮುಗಿಯಿತು ಎಂದಷ್ಟೇ. ಪಿಯುಸಿಯನ್ನು ಮೂರು ಸಲ ಕಟ್ಟಿದ್ದ ಮಂಜುಶ್ರೀಗೆ ಪಾಸ್ ಎಂದರೆ ಪಾಸೇ. ಅವಳಿಗೆ ಗೊತ್ತಿರಲಿಲ್ಲ; ಇವನಿಗೆ ಗೊತ್ತಿತ್ತು. ತಪ್ಪು ಎಷ್ಟು ಬಂದಿದೆ ಎಂದು ಕೇಳಬೇಕಿತ್ತು. ಯಲ್ಲಯ್ಯ ಬಂದು ಕಾಯುತ್ತಾನೆ, ತನಗೆ ಗುಬ್ಬಿಯಿಂದ ಬಸ್ಸು ಸಿಗುವುದು ತಡವಾಗುತ್ತದೆ ಎಂದುಕೊಂಡು, "ಸರಿ, ಆಫ್ ಮಾಡಿ ಕೊಟ್ಬುಡು" ಎಂದ.

ಮುಂದಿನ ವಾರ ಯಲ್ಲಯ್ಯ ಮೊಮ್ಮಗಳ ನಾಮಕರಣದ ಫೋಟೊಗಳನ್ನು ಆ ಕಂಪ್ಯೂಟರಿಗೆ ಹಾಕಿ, ಕ್ಯಾಮೆರಾದ ಕಾರ್ಡು ಅಳಿಸಿ, ಯಾರದೋ ಮದುವೆಗೆ ಓಡಿದ. ತಿಂಗಳೊಳಗೆ ಜ್ವರ ಬಂದು ಮಗು ತೀರಿಕೊಂಡಿತು. ಗೋಡೆಗೆ ಒಂದು ಫೋಟೊ ಹಾಕೋಣವೆಂದು ತೆರೆದರೆ ಯಾವುದರಲ್ಲೂ ಪೂರ್ತಿ ಮುಖವಿಲ್ಲ. ಹಣೆ, ಕಣ್ಣು, ಅದರ ಕೆಳಗೆ ಬರೀ ಬೂದು ಬಣ್ಣ. ಯಲ್ಲಯ್ಯ ಕಂಪ್ಯೂಟರ್ ಹೊತ್ತುಕೊಂಡು ಉಪ್ಪಾರಹಳ್ಳಿಗೆ ಬಂದ.

ಹನುಮಂತರಾಜು ಮತ್ತೆ ಪರೀಕ್ಷೆ ಹಚ್ಚಿದ. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು. "ಅವತ್ತೂ ಹಿಂಗೇ ಕೆಂಪಗೆ ಎರಡು ಸಾಲಿತ್ತು ಕಣ್ರೀ. ನೀವು ಕೇಳ್ಲಿಲ್ಲ" ಎಂದು ಮಂಜುಶ್ರೀ ಮೆಲ್ಲಗೆ ಹೇಳಿದಳು.

ಯಲ್ಲಯ್ಯ ಮಾತ್ರ, "ಕಾಪಿ ಮಾಡುವಾಗ ನಾನೇ ಏನೋ ಒತ್ತಿರ್ಬೇಕು" ಎನ್ನುತ್ತಿದ್ದ.

"ಇಲ್ಲ ಯಲ್ಲಯ್ಯಣ್ಣ, ತಪ್ಪು ನಂದು. ಮಿತಿ ಮೀರಿ ಓಡಿಸ್ದೆ, ಸರಿಯಾಗಿ ನೋಡದೇನೇ ಕೊಟ್ಬುಟ್ಟೆ" ಎಂದ ಹನುಮಂತರಾಜು.

ಯಲ್ಲಯ್ಯ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೇಳಿದ: "ಈಗ ನಿಧಾನ ಮಾಡಿದ್ರೆ ಮಗೀನ ಮುಖ ಪೂರ್ತಿ ಬರ್ತದೇನಪ್ಪ?"

ಕೆಟ್ಟ ಫೈಲು ಸರಿಹೋಗದೆಂದು ಗೊತ್ತಿದ್ದರೂ ಹನುಮಂತರಾಜು ವೇಗವನ್ನು ಕಂಪನಿಯವರು ಬರೆದಷ್ಟಕ್ಕೇ ಇಳಿಸಿ, ಆ ಫೋಟೊಗಳನ್ನು ಒಂದೊಂದಾಗಿ ತೆರೆಯತೊಡಗಿದ.