ನಂಬರ್ ಕೇಳ್ರಿ, ಮತ್ತೇನೂ ಕೇಳಬ್ಯಾಡ್ರಿ

ದುರ್ಗಮ್ಮ ಸಿಸ್ಟರ್ ಮದುವೆ ಊಟಕ್ಕೂ ಕೊರಳಲ್ಲಿ ನರ್ಸಿನ ಕಾರ್ಡು ಹಾಕಿಕೊಂಡೇ ಬರುತ್ತಿದ್ದರು. ಫೋಟೋ ಹೊರಮುಖವಾಗಿರಬೇಕು, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ನಂಬರು ಎದುರಿಗಿದ್ದವರಿಗೆ ಕಾಣಬೇಕು. ರೇಷ್ಮೆ ಸೀರೆಯ ಮೇಲೆ ನೇತಾಡುವ ಆ ಕಾರ್ಡನ್ನು ನೋಡಿ ಕೊಟ್ಟೂರಿನ ಹೆಂಗಸರು “ಮೂಗಿಗಿಂತ ಮೂಗುತಿ ಭಾರ” ಎಂದು ನಗುತ್ತಿದ್ದರು. ಮದುವೆಯಾಗದ ಸಿಸ್ಟರಿಗೆ ಅದರ ಪರಿವೆಯಿರಲಿಲ್ಲ. “ನಿಮ್ಮ ತಾಳಿ ನೋಡಿ ಯಾರ ಹೇಣ್ತಿ ಅಂತ ಕೇಳ್ತಾರ. ಇದನ್ನ ನೋಡಿದ್ರ ನಾ ಯಾರು ಅಂತ ತಿಳೀತೈತಿ” ಎಂದು ಹೋಳಿಗೆ ಮುರಿಯುತ್ತಿದ್ದರು.

ಸರ್ಕಾರಿ ನೌಕರಿ ಮುಗಿದ ಮೇಲೆ ಅವರು ಗೊಬ್ಬರದಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ರೋಗಿಗಳ ಮನೆಗೇ ನರ್ಸುಗಳನ್ನು ಕಳಿಸುವ ಏಜೆನ್ಸಿ ತೆರೆದರು. ನಾನು ಅಲ್ಲಿ ಗುಮಾಸ್ತೆ. ನೋಂದಣಿ ಇಲ್ಲದವರು ಸೂಜಿ ಹಿಡಿಯುವಂತಿಲ್ಲ, ಊಟ ಹಾಕುವ ಮೂಗಿನ ನಳಿಗೆ ಮುಟ್ಟುವಂತಿಲ್ಲ. ಮೈ ಒರೆಸುವುದು, ಹಾಸಿಗೆ ಬದಲಿಸುವುದು ಅಷ್ಟೇ ಅವರ ಪಾಲಿಗೆ. ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಬಂದ ಹುಡುಗಿಯರಿಗೆ ಮೆಟ್ಟಿಲಲ್ಲೇ ಮಂಗಳಾರತಿ. “ಜೆರಾಕ್ಸ್ ತಂದೀಯೇನು? ನಾಳಿ ಜೆರಾಕ್ಸ್ ಪೇಷಂಟ್ ಕೊಡ್ಲೇನವ್ವ ನಿನಗ?”

ಆದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಮನೆಯಲ್ಲೂ ಆ ನಂಬರನ್ನು ಕೇಳಿದವರಿಲ್ಲ. ಹೊಸ್ತಿಲಲ್ಲೇ ಕೇಳುವುದು ಒಂದೇ ಪ್ರಶ್ನೆ: “ಯಾವ ಪೈಕಿ?” ಜಾತಿಯನ್ನು ನೇರ ಕೇಳಲು ನಾಚುವ ನಮ್ಮ ಕಡೆಯವರ ಮರ್ಯಾದೆ ಅದು. ಸಿಸ್ಟರ್ ಕೇರಿಯಿಂದ ಬಂದವರು. ಆಫೀಸಿನ ಗೋಡೆಯಲ್ಲಿ ಲೈಸೆನ್ಸಿನ ಪಕ್ಕಕ್ಕೇ ಬುದ್ಧನ ಪಟ ಹಾಕಿದ್ದರು. ಆ ಪ್ರಶ್ನೆ ಬಂದಾಗ ಕಾರ್ಡು ಎತ್ತಿ ಹಿಡಿದು ನೋಂದಣಿ ನಂಬರು ಓದಬೇಕೆಂದು ಹುಡುಗಿಯರಿಗೆ ಕಲಿಸಿದ್ದರು. ಹಗರಿಬೊಮ್ಮನಹಳ್ಳಿಯ ಅಜ್ಜಿಯೊಬ್ಬಳು ಪೂರ್ತಿ ಕೇಳಿಸಿಕೊಂಡು, “ಇಷ್ಟುದ್ದದ ಪೈಕಿ ನಮ್ಮ ಸೀಮ್ಯಾಗ ಕೇಳಿಲ್ಲ ಬಿಡವ್ವ, ಒಳಗ ಬಾ” ಅಂದಿದ್ದಳಂತೆ. ಅದನ್ನು ನೆನೆದು ಸಿಸ್ಟರ್ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಹರಪನಹಳ್ಳಿಯ ದೊಡ್ಡ ಮನೆಯಲ್ಲಿ ನಗು ನಡೆಯಲಿಲ್ಲ. ಲಕ್ವ ಹೊಡೆದ ವ್ಯಾಪಾರಿ ಅಜ್ಜನಿಗೆ ಮೂಗಿನ ನಳಿಗೆಯಲ್ಲೇ ಊಟ. ನಮ್ಮ ಸುನಂದಾ ಅಲ್ಲಿ ನರ್ಸು. ಅಜ್ಜನಿಗೆ ಅವಳೆಂದರೆ ಜೀವ. ಅವಳು ಬಸ್ಸಿಗೆ ಹೊರಟರೆ ಸೆರಗು ಹಿಡಿಯುತ್ತಿದ್ದ. ಅವಳ ಊರು, ಕೇರಿ ಯಾರಿಂದಲೋ ತಿಳಿದದ್ದೇ ಮಗ ಆಫೀಸಿಗೆ ಬಂದ. “ಹುಡುಗಿ ಕೆಲ್ಸದಾಗೆ ತಪ್ಪಿಲ್ಲ ಬಿಡ್ರಿ. ಆದ್ರೆ ಅಪ್ಪಾರಿಗೆ ಅನ್ನ ಹಾಕೋ ಕೈ ನಮ್ಮೋರದೇ ಆಗ್ಲಿ. ನೋಂದಣಿ ಇಲ್ದಿದ್ರೂ ನಡೀತೈತೆ.”

ಆಗ ನಮ್ಮ ಲೈಸೆನ್ಸ್ ನವೀಕರಣಕ್ಕೆ ಹೋಗಿತ್ತು. ಆ ಮನೆಯವರ ಮಾತು ಮೇಲಿನವರೆಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಬೇರೆ ಯಾರನ್ನಾದರೂ ಕಳಿಸೋಣ ಎಂದೆ. ಸಿಸ್ಟರ್ ನನ್ನ ಕಡೆ ತಿರುಗಲೂ ಇಲ್ಲ. “ಆಕೀ ನಂಬರ್ ಕೇಳ್ರಿ, ಹೇಳ್ತೀನಿ. ಮತ್ತೇನೂ ಕೇಳಬ್ಯಾಡ್ರಿ. ನಳಿಗಿಗೆ ಕಲಿತ ಕೈ ಬೇಕ್ರಿ, ಕುಲದ ಕೈ ಅಲ್ಲ” ಎಂದು ಆ ಮಗನಿಗೇ ಅಂದರು.

ಆ ಮನೆಯವರು ಸುನಂದಾಳನ್ನು ಬಿಡಿಸಿ, ತಮ್ಮ ಪೈಕಿಯ ಹುಡುಗಿಯನ್ನು ಇಟ್ಟುಕೊಂಡರು. ಅವಳು ಪಾಪ, ಅಜ್ಜನನ್ನು ಅಂಗಾತ ಮಲಗಿಸಿಯೇ ಗಂಜಿ ಬಿಟ್ಟಳು. ಗಂಜಿ ಶ್ವಾಸಕೋಶಕ್ಕೆ ಹೋಯಿತು. ಆ ವಾರವೇ ಅಜ್ಜ ತೀರಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುನಂದಾ ನಳಿಗೆ ಹಾಕಿದ್ದೇ ಸರಿಯಿಲ್ಲವೆಂದು ಮನೆಯವರು ನಮ್ಮ ಮೇಲೆ ದೂರು ಕೊಟ್ಟರು. ದೂರು ತೀರುವತನಕ ನವೀಕರಣವಿಲ್ಲ ಎಂದಾಯಿತು. ಲೈಸೆನ್ಸ್ ಇಲ್ಲದೆ ಒಂದು ದಿನವೂ ನಡೆಸಲೊಲ್ಲೆ ಎಂದು ಸಿಸ್ಟರ್ ತಾವೇ ಬೀಗ ಹಾಕಿದರು. ಸುನಂದಾ ಮಂಗಳೂರಿಗೆ ಹೋದಳು, ಉಳಿದವರು ದಾವಣಗೆರೆಯ ಆಸ್ಪತ್ರೆಗಳಿಗೆ ಚದುರಿದರು. ನಾನು ಆ ಮನೆಯವರನ್ನು ಬಾಯಿಗೆ ಬಂದಂತೆ ಬೈದೆ, ಈಗಲೂ ಬೈಯುತ್ತೇನೆ. ಸಿಸ್ಟರ್ ಮಾತ್ರ, “ಅಜ್ಜ ಉಸಿರು ಕಟ್ಟಿ ಸತ್ತಾನಲೇ ಗಿರಿಜಾ. ಅದನ್ನ ನೆನೆಸಿದ್ರ ಊಟ ಸೇರವಲ್ದು” ಎಂದು ನನ್ನ ಮುಂದೆ ಅತ್ತರು.

ದೂರು ತೀರುವ ಮೊದಲೇ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಕೊನೆಗೆ ದಾವಣಗೆರೆಯ ಡಾಕ್ಟರು ಮನೆಗೆ ಕಳಿಸಿ, ನೋವಿನ ಇಂಜೆಕ್ಷನ್ ಬರೆದುಕೊಟ್ಟರು. ನರ್ಸಿಲ್ಲದ ಮನೆಯಲ್ಲಿ ಅದನ್ನು ಕೊಡುವವರು ಯಾರು? ನೋಂದಣಿ ಇಲ್ಲದ ನಾನು ಸೂಜಿ ಹಿಡಿದರೆ ಆ ನೋವಿನಲ್ಲೂ ಕೈ ಕೊಡವುತ್ತಿದ್ದರು. ಊರಲ್ಲಿ ಹೊಸದಾಗಿ ತೆರೆದ ಏಜೆನ್ಸಿಯೊಂದಿತ್ತು. “ಮೊದ್ಲು ಲೈಸೆನ್ಸ್ ಐತೇನು ನೋಡ್ಕಂಡು ಬಾ” ಎಂದು ಕಳಿಸಿದರು. ಹೋಗಿ ನೋಡಿ ಬಂದು, ಅವರ ಮಂಚದ ಪಕ್ಕ ಕುಳಿತೇ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ.

ಅತ್ತಲಿಂದ ಎಳೆಯ, ಮೆತ್ತನೆಯ ದನಿ. ಹೆಸರು ಕೇಳಿತು, ವಯಸ್ಸು ಕೇಳಿತು, ಕಾಯಿಲೆ ಕೇಳಿತು. ಆಮೇಲೆ, “ತಪ್ಪು ತಿಳ್ಕಬ್ಯಾಡ್ರಿ ಅಕ್ಕಾರ, ಪೇಷಂಟ್ ಯಾವ ಪೈಕಿ? ನಮ್ಮ ಹುಡುಗ್ಯಾರು ಕೇಳ್ತಾರ್ರಿ” ಅಂದಿತು.

ಸಿಸ್ಟರ್ ಕಣ್ಣು ತೆರೆದರು. ಎಲುಬಾಗಿದ್ದ ಕೈ ಎದೆಯ ಮೇಲೆ ಹುಡುಕಾಡಿ ಕಾರ್ಡು ಎತ್ತಿ ನನ್ನತ್ತ ಹಿಡಿಯಿತು. ನಾನು ಆ ನಂಬರನ್ನು ಪೂರ್ತಿ ಓದಿದೆ.

“ಅದಲ್ರಿ, ನಾ ಕೇಳಿದ್ದು…”

“ಇವರದು ಅದೇ ಪೈಕಿ” ಎಂದೆ.

“ಆಮ್ಯಾಲೆ ಮಾಡ್ತೀನ್ರಿ” ಎಂದು ಫೋನ್ ಇಟ್ಟಳು.

ಸಿಸ್ಟರ್ ಕಾರ್ಡನ್ನು ಎದೆಯ ಮೇಲೆ ಇಳಿಸಿ ಕೇಳಿದರು: “ಲೈಸೆನ್ಸ್ ಐತಿ ಅಂದ್ಯಲ್ಲ?”

“ಐತ್ರಿ ಸಿಸ್ಟರ್. ಗ್ವಾಡಿಗೇ ಹಾಕ್ಯಾರ.”

ಗೋಡೆಯ ಕಡೆ ಹೊರಳಿದರು. ಮರುದಿನ ಮಧ್ಯಾಹ್ನ ಉಸಿರು ನಿಲ್ಲುವವರೆಗೂ ನರಳಿದರು. ಫೋನ್ ಬರಲೇ ಇಲ್ಲ.