ಬಸ್ಸಿನ ತನಕ ಬಂದು ತಿರುಗಿ ಹೋದವಳು

ಏಳು ತಿಂಗಳ ಮೇಲೆ ನೋಟ್‌ಬುಕ್ ತೆರೆದಾಗ ಕೊನೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲಿತ್ತು: ‘ಅವಳು ಯಾಕೆ ತಿರುಗಿ ಹೋದಳೆಂದು ಇವತ್ತು ಸಿಕ್ಕಿತು!’ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಯಾಕೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಇಂಥ ಮಾತು ಮರೆಯುವುದುಂಟೇ ಎಂಬ ಸೊಕ್ಕಿರಬೇಕು.

ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಬರೆಯುತ್ತಿದ್ದದ್ದು ನನ್ನ ಮೊದಲ ಕಾದಂಬರಿ. ಅದರಲ್ಲಿ ಒಬ್ಬ ಹೆಂಗಸು ಗಂಡನ ಮನೆ ಸಾಕೆಂದು ಚೀಲ ಹಿಡಿದು ಹೊರಡುತ್ತಾಳೆ, ಬಸ್ಸು ನಿಲ್ಲುವ ಜಾಗದ ತನಕ ಬರುತ್ತಾಳೆ, ಅಲ್ಲಿಂದ ತಿರುಗಿ ಹೋಗುತ್ತಾಳೆ. ಕಾರಣ ಗೊತ್ತಿಲ್ಲದೆ ಮುಂದೆ ಒಂದು ಸಾಲೂ ಸಾಗುವಂತಿರಲಿಲ್ಲ. ಅಲ್ಲಿಯವರೆಗೆ ಬರೆದ ಅಷ್ಟೂ ಪುಟ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಏಳು ತಿಂಗಳು ಎಲ್ಲಿ ಹೋದವು ಎಂದರೆ, ಮಗಳ ಬಾಣಂತನಕ್ಕೆ, ಮನೆ ಮನೆ ತಿರುಗುವ ಸಮೀಕ್ಷೆಗೆ, ಹತ್ತನೇ ತರಗತಿಯ ಬೆಳಗಿನ ವಿಶೇಷ ಪಾಠಕ್ಕೆ. ನಾನು ಯಾದಗಿರಿಯಿಂದ ದೋರನಹಳ್ಳಿಯ ಶಾಲೆಗೆ ದಿನಾ ಹೋಗಿ ಬರುವ ಟೀಚರ್. ಮರೆವಿಗೆ ಇಷ್ಟು ಕಾರಣ ಸಾಲದೇ ಎಂದು ಬೇರೆ ಯಾರಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಆಗಲಿಲ್ಲ. ನನಗೆ ನನ್ನ ಅಪ್ಪ ಗೊತ್ತು.

ಅಪ್ಪ ಸುರಪುರದಲ್ಲಿ ಮಾಸ್ತರರಾಗಿದ್ದರು. ಒಂದು ಸಂಜೆ ನಮ್ಮ ಮನೆಯ ಮುಂದೆಯೇ ನಿಂತು, ಕಟ್ಟೆಯ ಮೇಲೆ ಕೂತಿದ್ದ ನನ್ನನ್ನೇ, “ತಂಗಿ, ಮಾಸ್ತರ್ ಮನಿ ಯಾವುದವ್ವಾ?” ಎಂದು ಕೇಳಿದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಆಗ ಅವರಿಗೆ ಐವತ್ಮೂರು. ನನಗೀಗ ಐವತ್ತೊಂದು.

ಹೀಗಾಗಿ ಆ ಸಾಲು ನೋಡಿ ಹೆದರಿದೆ. ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆಂದು ಗಂಡನಿಗೂ ಹೇಳಲಿಲ್ಲ. ಒಬ್ಬಳೇ ನನಗೆ ನಾನೇ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದೆ: ನಿನ್ನೆ ಏನು ಪಲ್ಯ ಮಾಡಿದ್ದೆ, ಒಂಬತ್ತನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವವಳ ಹೆಸರೇನು. ಪಲ್ಯ ನೆನಪಾಗಲು ಸ್ವಲ್ಪ ಹೊತ್ತಾದರೂ ಎದೆ ಧಸಕ್ಕೆನ್ನುತ್ತಿತ್ತು.

ಆಮೇಲೆ ಹೊಳೆಯಿತು, ಈ ಕತೆಯನ್ನು ನನ್ನ ಬಾಯಿಂದ ಕೇಳಿದವಳು ಒಬ್ಬಳಿದ್ದಾಳೆ. ನಾನು ಶಾಲೆಗೆ ಹೋಗುತ್ತಿದ್ದ ಒಂಬತ್ತರ ಶಹಾಪುರ ಬಸ್ಸು ಭೀಮಾ ಹೊಳೆಯ ಸೇತುವೆ ದಾಟಿದ ಮೇಲೆ ಮೀನಿನ ಬುಟ್ಟಿ ಹೊತ್ತು ಹತ್ತುವಾಕೆ. ವಾಸನೆಗೆ ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ. ಬರೆಯಲು ಜಾಗ ಸಿಗುತ್ತದೆಂದು ನಾನು ಕೂರುತ್ತಿದ್ದೆ. ಏನು ಬರೆಯುತ್ತೀರಿ ಎಂದು ಕೇಳಿದಳು, ಹೇಳಿದೆ. ಆಮೇಲೆ ದಿನಾ ಅದೇ ಪ್ರಶ್ನೆ, “ಮುಂದೇನಾತ್ರಿ ಅಕ್ಕೋರೆ?” ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. ವಿಶೇಷ ಪಾಠಕ್ಕೆಂದು ನಾನು ಏಳೂವರೆಯ ಬಸ್ಸು ಹಿಡಿಯತೊಡಗಿದ ಮೇಲೆ ಅವಳು ಕಂಡಿರಲಿಲ್ಲ.

ಹತ್ತನೇ ತರಗತಿಯ ಪರೀಕ್ಷೆ ಮುಗಿದಿತ್ತು. ಮತ್ತೆ ಒಂಬತ್ತರ ಬಸ್ಸಿಗೆ ಹೋದೆ. ಮೊದಲ ದಿನ ಅವಳು ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಕಂಡಕ್ಟರನ್ನು ಕೇಳಿದರೆ, “ಪುಕ್ಕಟೆ ಬಸ್ಸಿನಾಗ ಯಾರ್ ಹತ್ತಿದ್ರು ಯಾರ್ ಇಳದ್ರು ನೆನಪಿಡ್ಲಾಕ ಆಗ್ತದೇನ್ರಿ?” ಎಂದ. ಅವಳ ಹೆಸರನ್ನು ನಾನು ಕೇಳಿಯೇ ಇರಲಿಲ್ಲ, ಇಲ್ಲವೇ ಕೇಳಿ ಮರೆತಿದ್ದೆ. ಎರಡರಲ್ಲಿ ಯಾವುದು ಎಂದು ಗೊತ್ತಾಗದೆ ದಿನವಿಡೀ ಹೆದರಿಕೊಂಡೇ ಇದ್ದೆ.

ಮೂರನೆಯ ದಿನ ಬಂದಳು. ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿ ಕೂತಳು.

“ಅಕ್ಕಾ, ನಾ ಹೇಳ್ತಿದ್ದ ಕತಿ ನೆನಪದೇನು? ಆಕಿ ಬಸ್ಸಿನ ತನಕ ಬಂದು ಯಾಕ ತಿರುಗಿ ಹೋದ್ಲು ಅಂತ ನಿಮಗ ಹೇಳಿದ್ನಲ್ಲ?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. “ನೀವು ಹೇಳಿದ್ದಲ್ರಿ. ನಾ ನಿಮಗ ಹೇಳಿದ್ದು. ಅದು ನಂದೇ ಸುದ್ದಿ. ಮರ್ತ್ರೇನು?”

ಹೌದೆನ್ನಲು ನಾಚಿಕೆ, ಇಲ್ಲವೆನ್ನಲು ಭಯ. ಅವಳಿಗೆ ಅರ್ಥವಾಗಿರಬೇಕು, ಕೇಳದೆಯೇ ಇನ್ನೊಮ್ಮೆ ಹೇಳಿದಳು.

“ತವರಿಗೆ ಹೋಗಿಬಿಡ್ತೀನಿ ಅಂತ ಬಂದು ನಿಂತಿದ್ದೆ. ಬಸ್ಸಿಗಿನ್ನ ಹೊತ್ತಿತ್ತು. ಸೆರಗಿನ ಗಂಟಿನಾಗ ನೋಡ್ತೀನಿ, ಮನಿ ಕೀಲಿಕೈ. ಹುಡುಗುರು ಸಾಲಿ ಬಿಟ್ಟು ಬಂದ್ರ ಬಾಗಲದಾಗ ನಿಂದ್ರತಾವಲ್ಲ. ಕೊಟ್ಟು ಬರೋಣ ಅಂತ ಹೋದೆ. ಹಸಿವು ಅಂದ್ವು. ನಾಕು ರೊಟ್ಟಿ ಬಡದೆ. ಅಷ್ಟರಾಗ ಬಸ್ ಹೋತು.”

“ಮರುದಿನ?”

“ಮರುದಿನಾನೂ ಹಸಿವಾಗ್ತದಲ್ರಿ.”

ಕೇಳಿದ ಮೇಲೆ ನೆನಪಾಯಿತು ಎಂದುಕೊಂಡೆ. ನಿಜವಾಗಿ ನೆನಪಾಯಿತೋ, ಈಗಷ್ಟೇ ಕೇಳಿದ್ದನ್ನು ನೆನಪು ಎಂದುಕೊಂಡೆನೋ ಇವತ್ತಿಗೂ ಹೇಳಲಾರೆ. ಅವಳು ನನ್ನನ್ನು ನಂಬಿ ತನ್ನ ಬದುಕಿನ ಮಾತು ಹೇಳಿದ್ದಳು. ನಾನೇ ಕಂಡುಹಿಡಿದವಳ ಹಾಗೆ ‘ಸಿಕ್ಕಿತು’ ಎಂದು ಬರೆದು, ಗೆರೆ ಎಳೆದು, ಮರೆತುಬಿಟ್ಟಿದ್ದೆ.

“ಇದನ್ನ ಬರೀಲೇನು?” ಎಂದೆ.

“ಬರೀರಿ. ಆದ್ರ ಪುಸ್ತಕದಾಗರೆ ಆಕಿನ್ನ ಬಸ್ ಹತ್ತಸ್ರಿ.”

ದೋರನಹಳ್ಳಿ ಬಂತು. ಇಳಿಯುವ ಮೊದಲು ‘ಕೀಲಿಕೈ’ ಎಂದು ಪುಕ್ಕಟೆ ಟಿಕೆಟ್ಟಿನ ಹಿಂದೆ ಬರೆದೆ. ಶಾಲೆಯಲ್ಲಿ ಅಂಗೈ ಮೇಲೆ ಬರೆದೆ, ಕೈ ತೊಳೆದರೆ ಹೋದೀತೆಂದು ಪಾಠದ ಡೈರಿಯಲ್ಲೂ ಬರೆದೆ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ನೋಟ್‌ಬುಕ್ ಹಿಡಿದು ಕೂತೆ. ನನ್ನ ಹೆಂಗಸನ್ನು ಬಸ್ಸು ನಿಲ್ಲುವಲ್ಲಿ ತಂದು ನಿಲ್ಲಿಸಿದೆ. ಸೆರಗಿನ ಗಂಟು ಬಿಚ್ಚಿಸಿದೆ. ಕೀಲಿಕೈಯನ್ನು ಅವಳು ಯಾರ ಕೈಗೆ ಕೊಟ್ಟು ಹೋಗಬೇಕು ಎಂದು ಯೋಚಿಸುತ್ತಿರುವಾಗ ಗಂಡ ಒಳಗಿನಿಂದ, “ಹೊತ್ತು ಮುಳಗ್ತು, ರೊಟ್ಟಿ ಬಡಿಯಾಂಗಿಲ್ಲೇನು? ಹಸಿವಾಗ್ಯದ” ಎಂದರು. ಕೆಟ್ಟವರಲ್ಲ, ನಿಜಕ್ಕೂ ಹಸಿದಿದ್ದರು. ಏಳಲೆಂದು ನೆಲಕ್ಕೆ ಕೈ ಊರಿದೆ. ಅಷ್ಟರಲ್ಲೇ ಭಯ ಹಿಡಿಯಿತು. ಎದ್ದು ಹೋಗಿ ಬರುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ.

“ಇವತ್ತು ನೀವೇ ಏನರೆ ಮಾಡ್ಕೋರಿ,” ಎಂದೆ. ಕೂತೇ ಇದ್ದೆ.