ನನ್ನ ನಂಬರು, ಅವಳ ಕಾರ್ಡು

ಗುಂಡ್ಲುಪೇಟೆಯ ನಮ್ಮ ಮನೆಗೆ ಬಹಳ ವರ್ಷಗಳಿಂದ ಕೆಲಸಕ್ಕೆ ಬರುವವಳು, ಬೆಳಗ್ಗೆ ಹೊಲದಲ್ಲಿ ಚೆಂಡುಹೂ ಕೊಯ್ದು, ಹತ್ತು ಗಂಟೆಗೆ ನಮ್ಮ ಗೇಟು ತೆಗೆಯುತ್ತಾಳೆ. ಅವಳಿಗೆ ಫೋನಿಲ್ಲ. ರೇಷನ್ ಕಾರ್ಡಿಗೆ ಮೊಬೈಲ್ ನಂಬರು ಕೇಳಿದಾಗ ನನ್ನದನ್ನೇ ಕೊಟ್ಟಿದ್ದಳು. "ನೀವು ಇಂಗ್ಲೀಸು ಓದಿರೋರು ಕಣವ್ವಾ. ಸರ್ಕಾರ ಏನ್ ಬರುದ್ರೂ ಓದಿ ಯೋಳ್ತೀರಿ." ನನಗೆ ಒಳಗೊಳಗೇ ಹೆಮ್ಮೆ.

ಆದರೆ ನನ್ನದೊಂದು ಕಾನ್ವೆಂಟ್ ಚಟ. ಸಂಜೆ ಡೆಸ್ಕ್ ಕ್ಲೀನ್ ಮಾಡದೆ ಸಿಸ್ಟರ್ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಈಗ ಡೆಸ್ಕ್ ಎಲ್ಲಿ? ಸಂಜೆಯ ಕಾಫಿ ಮುಗಿದ ಮೇಲೆ ಫೋನ್ ಕ್ಲೀನ್ ಮಾಡುತ್ತೇನೆ. ಗುರುತಿಲ್ಲದ ಮೆಸೇಜುಗಳೆಲ್ಲ, ತೆರೆಯದೆಯೇ ಡಿಲೀಟ್.

ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅವಳಿಗೆ ಅಕ್ಕಿ ಕೊಡಲಿಲ್ಲ. "ಲಿಸ್ಟಲ್ಲಿ ನಿನ್ನೆಸ್ರೇ ಇಲ್ಲ ಅಂದ್ಬುಟ್ಟ ಕಣವ್ವಾ. ಬದುಕಿರೋಳ್ಗೆ ಕಂಪ್ಯೂಟ್ರು ತಿಥಿ ಮಾಡ್ಬುಡ್ತು!" ನಕ್ಕಳು. ಖಾಲಿ ಚೀಲವನ್ನು ಮಡಚುತ್ತಲೇ ಇದ್ದಳು.

ಇಬ್ಬರೂ ಬಸ್ಸು ಹತ್ತಿ ಚಾಮರಾಜನಗರದ ಆಹಾರ ಇಲಾಖೆ ಆಫೀಸಿಗೆ ಹೋದೆವು. ಕೌಂಟರಿನಾಕೆ ಸ್ಕ್ರೀನ್ ನೋಡಿದಳು. "ಅಂಗಡಿಗೆ ಬಂದು ಇ-ಕೆವೈಸಿಗೆ ಹೆಬ್ಬೆಟ್ಟು ಕೊಡಿ, ಇಲ್ದಿದ್ರೆ ಹೆಸರು ತೆಗೀತೀವಿ ಅಂತ ಮೂರು ಸಲ ಮೆಸೇಜ್ ಕಳಿಸಿದೀವಲ್ಲಮ್ಮಾ. ಈ ನಂಬರ್ ಯಾರ್ದು?"

"ನನ್ನದು" ಎಂದೆ. ಅಷ್ಟು ನಿಜ. ಮೂರು ಸಂಜೆಯ ಕಾಫಿ ನೆನಪಾಯಿತು. ಬಾಯಿಂದ ಬಂದದ್ದು ಮಾತ್ರ, "ಯಾವ ಮೆಸೇಜೂ ಬರಲಿಲ್ಲ."

ಇವಳಿಗೆ ಧೈರ್ಯ ಬಂತು. "ಕೇಳುದ್ರಾ? ನಮ್ಮವ್ವ ಸುಳ್ ಯೋಳಾಕಿಲ್ಲ. ಕಳುಸ್ದೆ ಇದ್ಬುಟ್ಟು ಕತೆ ಕಟ್ತೀರಾ? ಇಂಗಾದ್ರೆ ಸರ್ಕಾರನ ಯಾರ್ ನಂಬ್ತಾರೆ?"

"ಬುಡಬ್ಯಾಡ ಕಣಕ್ಕ, ಇವ್ರುದು ಯಾವಾಗ್ಲೂ ಇದೇಯ" ಎಂದಿತು ಕ್ಯೂನಲ್ಲಿ ಒಂದು ದನಿ. ಕೌಂಟರಿನಾಕೆ ಮುಖ ತಗ್ಗಿಸಿದಳು. ಅವಳದೇನೂ ತಪ್ಪಿರಲಿಲ್ಲ. ಅಂದಿನ ಮಟ್ಟಿಗೆ ಸರ್ಕಾರದ್ದೂ ಇರಲಿಲ್ಲ. ‘ಸಾರಿ, ತಪ್ಪು ನನ್ನದು’ ಎನ್ನುವುದಕ್ಕೆ ನನ್ನ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ಹೆಸರು ಮತ್ತೆ ಸೇರಿಸಲು ಅರ್ಜಿ ತುಂಬುವಾಗ ಕೌಂಟರಿನಾಕೆ ಕೇಳಿದಳು, "ಮೊಬೈಲ್ ನಂಬರ್?" ಸಹಿ ಹಾಕಲು ಬಾರದ ಇವಳು ನನ್ನ ಹತ್ತು ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. "ಅದ್ನೇ ಆಕವ್ವ. ಇವ್ರ ಬುಟ್ರೆ ನಂಬಕ್ಕೆ ನಂಗ್ಯಾರವ್ರೆ?"

ವಾಪಸು ಬಸ್ಸಿನಲ್ಲಿ ಕಿಟಕಿ ಸೀಟು ನನಗೇ ಬಿಟ್ಟಳು. ಫೋನ್ ಟಿಂಗ್ ಎಂದಿತು. ಈ ಸಲ ತೆರೆದೆ. ಅರ್ಜಿ ತಲುಪಿದೆ ಎಂದು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳಿದೆ.

"ನೋಡುದ್ರಾ, ಉಗುದ್ಮೇಲೆ ಕಳುಸವ್ರೆ!" ಎಂದು ನನ್ನ ಮೊಣಕಾಲು ತಟ್ಟಿದಳು.

ಹೌದು ಎಂದೆ.